ಇಟ್ಟಿಗೆ ಹೊಂಡದ ಎರಡು ಕಾಡು ಪಾರಿವಾಳ

ಬೆಳಿಗ್ಗೆ ಐದೂವರೆಗೆ ಲೆನ್ ಥರ್ಕೆಟ್ಲ್ ಮುಂಬಾಗಿಲಿನಿಂದ ಹೊರಬಿದ್ದ. ಹಿಂಬಾಗಿಲಿನಿಂದ ಹೊರಟಿದ್ದರೆ ಅವನು ಹೋಗಬೇಕಾದ ಜಾಗ ಎಂಟೇ ನಿಮಿಷದ ದಾರಿ. ಆದರೆ ಹಿಂಬಾಗಿಲಿನಿಂದ ಹೋಗುವವನ ಮೇಲೆ ಊರಿಗೆ ಕಣ್ಣು ಎಂಬುದು ಅವನ ಎಣಿಕೆ. ಆದ್ದರಿಂದ ದುರ್ಬೀನನ್ನು ಎಲ್ಲರಿಗೂ ಕಾಣುವಂತೆ ಕೊರಳಿಗೆ ನೇತುಹಾಕಿಕೊಂಡು, ಚರ್ಚಿನ ಮುಂದೆ ಹಾದು, ಕೊಳಚೆ ನೀರು ಶುದ್ಧ ಮಾಡುವ ಘಟಕದ ಬೇಲಿಯ ಬಳಿ ಹತ್ತು ನಿಮಿಷ ಸುಮ್ಮನೆ ನಿಂತು, ಹಂದಿ ಸಾಕುವ ಹೊಲದ ಅಂಚು ಹಿಡಿದು, ಒಟ್ಟು ಎರಡೂವರೆ ಮೈಲಿ ಸುತ್ತಿ ಅವನು ಹಳೆಯ ಇಟ್ಟಿಗೆ ಹೊಂಡವನ್ನು ಸೇರುತ್ತಿದ್ದ. ಹತ್ತೊಂಬತ್ತು ವರ್ಷಗಳಿಂದ, ಮೇ ಮತ್ತು ಜೂನ್ ತಿಂಗಳಲ್ಲಿ ವಾರಕ್ಕೆ ಒಂದೆರಡು ಬೆಳಗು, ಇದೇ ದಾರಿ.

ಅಂದು ವಾಪಸು ಬರುವಾಗ ಚರ್ಚಿನ ಗೇಟಿನ ಬಳಿ ಹಿಲರಿ ಬಗ್ ಎದುರಾದಳು. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಅವಳ ಕೊರಳಲ್ಲೂ ದುರ್ಬೀನು.

"ಏನಾದ್ರೂ ಇದ್ಯಾ, ಲೆನ್?"

"ಏನಿಲ್ಲ. ಕಾಡು ಪಾರಿವಾಳ."

"ಘಟಕದ ಹತ್ರ?"

"ಅಲ್ಲೂ ಅದೇ. ನಿಮ್ಗೆ?"

"ನಂಗೂ ಅಷ್ಟೇ."

ಸ್ನೆಪ್‌ಹ್ಯಾಮ್ ಹಳ್ಳಿಯಲ್ಲಿ ಹಕ್ಕಿ ನೋಡುವವರು ಎದುರಾದಾಗ ಈ ಮಾತು ಆಗದೆ ಯಾರೂ ಮುಂದೆ ಹೋಗುವುದಿಲ್ಲ. ಕೇಳದೆ ಹೋದರೆ ಸೊಕ್ಕು. ಕೇಳಿದ್ದಕ್ಕೆ ನಿಜ ಹೇಳಿದರೆ ಪೆದ್ದುತನ.

ಹಾಗೆಂದು ಲೆನ್ ಗುಟ್ಟಿನ ಮನುಷ್ಯನೇನಲ್ಲ. ಇಪ್ಸ್‌ವಿಚ್‌ನಿಂದ ಹಳ್ಳಿಗಳಿಗೆ ಹೋಗುವ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿದವನು ಅವನು. ಬಸ್ಸಿನ ಚಾಲಕನ ಸೀಟು ಎತ್ತರದ್ದು. ಕಾರಿನವರಿಗೆ ಬೇಲಿ ಕಾಣುವ ಕಡೆ ಅವನಿಗೆ ಬೇಲಿಯಾಚೆಯ ಹೊಲ, ಹೊಲದಾಚೆಯ ಕುಂಟೆ, ಕುಂಟೆಯಲ್ಲಿ ನಿಂತ ಕೊಕ್ಕರೆ ಕಾಣುತ್ತಿದ್ದವು. ಎಲ್ಲಿ ಯಾವ ಹಕ್ಕಿ ಸಿಗುತ್ತದೆ ಎಂದು ದೂರದ ಊರುಗಳಿಂದ ಜನ ಅವನಿಗೆ ಫೋನ್ ಮಾಡುತ್ತಿದ್ದರು. ಮನೆಗೇ ಬಂದವರಿಗೆ ಹಳೆಯ ಲಕೋಟೆಯ ಹಿಂದೆ ಪೆನ್ಸಿಲಿನಲ್ಲಿ ನಕ್ಷೆ ಬರೆದುಕೊಡುತ್ತಿದ್ದ.

"ಚಂದದ ಜಾಗ ಹುಡುಕ್ಬೇಡಿ," ಎಂದು ಎಲ್ಲರಿಗೂ ಹೇಳುತ್ತಿದ್ದ. "ಚಂದದ ಜಾಗದಲ್ಲಿ ಬುತ್ತಿ ಬಿಚ್ಕೊಂಡು ಕೂತ ಜನ ಇರ್ತಾರೆ. ಹಕ್ಕಿ ಇರೋದು ವಾಸನೆ ಬರೋ ಕಡೆ."

ಆಗಸ್ಟಿನಲ್ಲಿ ಕೊಳಚೆ ಘಟಕದ ಕೆಸರಿಗೆ ಉದ್ದಕಾಲಿನ ಗೊರವ ಹಕ್ಕಿಗಳು ಇಳಿಯುತ್ತವೆ. ಚಳಿಗಾಲದಲ್ಲಿ ಹಂದಿ ಹೊಲದಲ್ಲಿ ಬಾನಾಡಿಗಳ ಹಿಂಡು. ಶುಕ್ರವಾರ ಮೀನು ಕರಿದು ಮಾರುವ ಗಾಡಿ ನಿಲ್ಲುವ ರಸ್ತೆಬದಿಯಲ್ಲಿ, ಕೈಯಲ್ಲಿರುವ ಪೊಟ್ಟಣವನ್ನು ಉಳಿಸಿಕೊಳ್ಳಬಲ್ಲವರಿಗೆ, ನಾಲ್ಕು ಬಗೆಯ ಕಡಲಕ್ಕಿ. ಒಮ್ಮೆ ಕೇಂಬ್ರಿಜ್‌ನಿಂದ ಬಿಳಿ ಶೂ ಹಾಕಿಕೊಂಡು ಬಂದ ಹೆಂಗಸೊಬ್ಬಳು ಹಂಸಗಳಿರುವ ಕೆರೆ ಎಲ್ಲಿದೆ ಎಂದು ಕೇಳಿದಳು. ಲೆನ್ ಅವಳನ್ನು ಕೊಳಚೆ ಘಟಕಕ್ಕೆ ಕಳಿಸಿದ. ಅಂದಿನಿಂದ ಪ್ರತಿ ವರ್ಷ ಅವಳಿಂದ ಕ್ರಿಸ್‌ಮಸ್ ಕಾರ್ಡ್ ಬರುತ್ತದೆ.

ಇಟ್ಟಿಗೆ ಹೊಂಡ ಮಾತ್ರ ಅವನ ಯಾವ ನಕ್ಷೆಯಲ್ಲೂ ಇರಲಿಲ್ಲ. ಒಂದು ಕಾಲದಲ್ಲಿ ಇಟ್ಟಿಗೆಗೆ ಜೇಡಿಮಣ್ಣು ತೆಗೆದ ಗುಂಡಿ ಅದು. ಈಗ ಅಲ್ಲಿ ಆಳೆತ್ತರದ ಮುಳ್ಳುಪೊದೆ, ಯಾರೋ ಎಸೆದ ಹಾಸಿಗೆಯ ತುಕ್ಕು ಸ್ಪ್ರಿಂಗು, ಸ್ವಲ್ಪ ಮಳೆನೀರು. ಹತ್ತೊಂಬತ್ತು ವರ್ಷದ ಹಿಂದೆ ಅದರ ಪಕ್ಕದಲ್ಲೇ ಅವನ ಬಸ್ಸು ಕೆಟ್ಟು ನಿಂತಿತ್ತು. ಎಂಜಿನ್ ಆಫ್ ಮಾಡಿದ ಮೇಲೂ ಗುರ್ ಗುರ್ ಸದ್ದು ನಿಲ್ಲಲಿಲ್ಲ. ಲೆನ್ ಕೆಳಗಿಳಿದು ಬಾನೆಟ್ ಎತ್ತಿ ನೋಡಿದ. ಸದ್ದು ಬರುತ್ತಿದ್ದದ್ದು ಪೊದೆಯಿಂದ. ಬೇಸಿಗೆ ಕಳೆಯಲು ಆಫ್ರಿಕಾದಿಂದ ಬರುವ, ಪಾರಿವಾಳದ ಜಾತಿಯ ಬೆಳವಗಳ ಜೋಡಿ. ಇಂಗ್ಲೆಂಡಿನಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದ ಹಕ್ಕಿ. ಒಳಗಿದ್ದ ಒಂಬತ್ತು ಮಂದಿ ಪ್ರಯಾಣಿಕರಿಗೆ ಅವನು ರೇಡಿಯೇಟರ್ ಕೆಟ್ಟಿದೆ ಎಂದಷ್ಟೇ ಹೇಳಿದ. ಅದು ನಿಜವೂ ಆಗಿತ್ತು.

ಆಮೇಲಿನದು ಮಾತ್ರ ನಿಜವಲ್ಲ. ಜಿಲ್ಲೆಯಲ್ಲಿ ಹಕ್ಕಿ ನೋಡುವವರೆಲ್ಲ ತಾವು ಎಲ್ಲಿ, ಎಂದು, ಏನು ಕಂಡೆವು ಎಂಬುದನ್ನು ಜಿಲ್ಲಾ ದಾಖಲೆಗೆ ಬರೆದು ಕಳಿಸುವುದು ವಾಡಿಕೆ. ಹೊಂಡದ ಬಗ್ಗೆ ಏನೂ ಬರೆಯದಿದ್ದರೆ ಯಾರಾದರೊಬ್ಬ ಉತ್ಸಾಹಿ ಆ ಖಾಲಿ ಜಾಗ ತುಂಬಲೆಂದೇ ಅಲ್ಲಿಗೆ ಹೋಗಬಹುದು. ಆದ್ದರಿಂದ ಲೆನ್ ಪ್ರತಿ ಭೇಟಿಗೂ ತಪ್ಪದೆ ಬರೆದ: ಇಟ್ಟಿಗೆ ಹೊಂಡ, ಕಾಡು ಪಾರಿವಾಳ, ಎರಡು. ಆದರೆ ಬೆಳವದಂಥ ಹಕ್ಕಿಯನ್ನು ದಾಖಲೆಯಿಂದ ಪೂರ್ತಿ ಬಿಡಲು ಅವನಿಗೆ ಮನಸ್ಸು ಬರಲಿಲ್ಲ. ಅವುಗಳನ್ನು ಪ್ರಯರಿ ಕಾಡಿನ ಹೆಸರಿನಲ್ಲಿ ಬರೆದ. ಅದು ಖಾಸಗಿ ಎಸ್ಟೇಟು. ಗೇಟಿಗೆ ಸದಾ ಬೀಗ. ಯಾರೂ ಹೋಗಿ ಪರೀಕ್ಷಿಸುವ ಹಾಗಿರಲಿಲ್ಲ. ಕೆಲವು ವರ್ಷಗಳಲ್ಲಿ ಆ ಗೇಟಿಗೆ ಹಕ್ಕಿಯ ಚಿತ್ರವಿದ್ದ ಫಲಕ ಬಂತು: ಬೆಳವಗಳ ಗೂಡುತಾಣ, ಸದ್ದು ಮಾಡಬೇಡಿ.

ಹತ್ತು ವರ್ಷದ ಹಿಂದೆ ಹಿಲರಿ ತಾನೂ ಪ್ರಯರಿ ಕಾಡಿನಲ್ಲಿ ಎರಡು ಬೆಳವ ಕಂಡೆನೆಂದು ದಾಖಲೆಗೆ ಬರೆದಳು. ಅಂದಿನಿಂದ ಲೆನ್‌ನ ದೃಷ್ಟಿಯಲ್ಲಿ ಅವಳು ಸುಳ್ಳುಗಾತಿ. ಅದನ್ನು ಯಾರಿಗೂ ಹೇಳುವಂತಿರಲಿಲ್ಲ ಎಂಬುದು ಅವನಿಗೆ ಹೊಟ್ಟೆಯುರಿಯ ಸಂಗತಿಯಾಗಿತ್ತು.

ಅಂದು ಅವನು ಸುತ್ತು ಮುಗಿಸಿ ಬರುವಷ್ಟರಲ್ಲಿ ಗ್ರಾಮ ಕೌನ್ಸಿಲಿನ ಲಕೋಟೆ ಬಂದಿತ್ತು. ಹೆಂಡತಿ ಮೇವಿಸ್ ಟೋಸ್ಟಿಗೆ ಮಾರ್ಮಲೇಡ್ ಸವರುತ್ತ ಗಟ್ಟಿಯಾಗಿ ಓದಿದಳು. ಸಭಾಭವನದಲ್ಲಿ ಮದುವೆಯಾದರೆ ಕಾರು ನಿಲ್ಲಿಸಲು ಜಾಗವಿಲ್ಲ; ಇಟ್ಟಿಗೆ ಹೊಂಡವನ್ನು ತುಂಬಿ ಸಮತಟ್ಟು ಮಾಡುವ ಯೋಜನೆಯಿದೆ; ಗುರುವಾರ ಸಂಜೆ ಮತದಾನ; ಒಪ್ಪಿಗೆಯಾದರೆ ಸೆಪ್ಟೆಂಬರಿನಲ್ಲಿ ಕೆಲಸ ಶುರು. ಜೊತೆಗೆ ಪರಿಸರ ತಜ್ಞರ ವರದಿ.

"ಲೆನ್, ಇದ್ರಲ್ಲಿ ನಿನ್ ಹೆಸ್ರು ಏಳು ಸಲ ಬಂದಿದೆ. 'ಜಿಲ್ಲೆಯ ಅತ್ಯಂತ ವಿಶ್ವಾಸಾರ್ಹ ವೀಕ್ಷಕರು' ಅಂತೆ."

"ಏನಂತೆ ನಾನು ನೋಡಿದ್ದು?"

"'ಹತ್ತೊಂಬತ್ತು ವರ್ಷಗಳ ಇನ್ನೂರ ಅರವತ್ತು ಭೇಟಿಗಳಲ್ಲಿ, ಪ್ರತಿ ಸಲವೂ ಎರಡು ಕಾಡು ಪಾರಿವಾಳ. ಗಮನಾರ್ಹವಾದದ್ದು ಏನೂ ಇಲ್ಲ.' ಪಾಪ, ಎರಡು ಪಾರಿವಾಳಕ್ಕೆ ಅಷ್ಟು ದೂರ ನಡೀತೀಯಲ್ಲ."

ಲೆನ್ ಟೋಸ್ಟ್ ತಿನ್ನಲಿಲ್ಲ. ಸುಮ್ಮನಿದ್ದರೆ ಮುಂದಿನ ಮೇ ತಿಂಗಳಲ್ಲಿ ಹಕ್ಕಿಗಳು ಬಂದಿಳಿಯುವುದು ಕಾರುಗಳ ಮೇಲೆ. ಬಾಯಿ ಬಿಟ್ಟರೆ ಅವನ ಹೆಸರಿನ ಮುಂದೆ ಆ 'ವಿಶ್ವಾಸಾರ್ಹ' ಎಂಬ ಪದ ಮತ್ತೆ ಬರುವುದಿಲ್ಲ. ಅವನ ಬಳಿ ಇದ್ದ ಬಿರುದು ಅದೊಂದೇ.

ಗುರುವಾರ ಸಂಜೆ ಏಳಕ್ಕೆ ಸಭಾಭವನದಲ್ಲಿ ಮೂವತ್ತನಾಲ್ಕು ಜನ ಸೇರಿದ್ದರು. ಅವರ ಎದುರು ಏಳು ಮಂದಿ ಸದಸ್ಯರು. ನಡುವೆ ಅಧ್ಯಕ್ಷೆ ರೊಸಲಿಂಡ್ ಕ್ಯಾಚ್‌ಪೋಲ್. ಮದುವೆಗೆ ಬಂದವರ ಕಾರುಗಳು ನಿಲ್ಲುತ್ತಿದ್ದದ್ದು ಅವಳ ಮನೆಯ ಗೇಟಿಗೆ ಅಡ್ಡವಾಗಿ. ಹಿಂದಿನ ಮೇಜಿನಲ್ಲಿ ಮೇವಿಸ್ ಚಹಾ ಬಗ್ಗಿಸುತ್ತಿದ್ದಳು.

ಯಾರಿಗಾದರೂ ಮಾತಾಡುವುದಿದೆಯೇ ಎಂದು ಅಧ್ಯಕ್ಷೆ ಕೇಳಿದಾಗ ಲೆನ್ ಎದ್ದ.

"ಆ ವರದಿ ತಪ್ಪು."

"ಅದು ನಿಂತಿರೋದೇ ನಿಮ್ಮ ದಾಖಲೆ ಮೇಲೆ, ಲೆನ್."

"ದಾಖಲೆನೇ ತಪ್ಪು. ಅಲ್ಲಿರೋದು ಕಾಡು ಪಾರಿವಾಳ ಅಲ್ಲ. ಬೆಳವ."

"ಇನ್ನೂರ ಅರವತ್ತು ಸಲವೂ?"

"ಇನ್ನೂರ ಅರವತ್ತು ಸಲವೂ."

ರೊಸಲಿಂಡ್ ಕನ್ನಡಕ ತೆಗೆದು ಕನಿಕರದಿಂದ ನೋಡಿದಳು. "ಎರಡಕ್ಕೂ ಇರೋ ವ್ಯತ್ಯಾಸ ನಿಮ್ಗೆ ತಿಳೀಲಿಲ್ವಾ?"

ಸುಳ್ಳುಗಾರ ಎನ್ನಿಸಿಕೊಳ್ಳಲು ಲೆನ್ ಎರಡು ದಿನದಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಬೆಳವಕ್ಕೂ ಪಾರಿವಾಳಕ್ಕೂ ವ್ಯತ್ಯಾಸ ತಿಳಿಯದವನು ಎನ್ನಿಸಿಕೊಳ್ಳಲು ಅಲ್ಲ. ಅವನ ಕಿವಿ ಕೆಂಪಾಯಿತು.

"ಚೆನ್ನಾಗೇ ಗೊತ್ತು. ಬೇಕಂತ್ಲೇ ಸುಳ್ಳು ಬರ್ದೆ. ಯಾರೂ ಆ ಕಡೆ ಬರ್ಬಾರ್ದು ಅಂತ."

ಮಾಂಸದಂಗಡಿಯ ಟೆಡ್ ಗ್ಯಾರಡ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಅಲ್ಲ ಮಾರಾಯ, ಹತ್ತೊಂಬತ್ತು ವರ್ಷ ಸುಳ್ಳು ಹೇಳ್ದೋನು ಇವತ್ತು ಮತ ಹಾಕೋ ಹೊತ್ಗೆ ಸರಿಯಾಗಿ ನಿಜ ಹೇಳ್ತಿದ್ದೀಯ ಅಂತ ನಾವು ನಂಬ್ಬೇಕಾ?"

ಸಭೆ ನಕ್ಕಿತು. ಟೆಡ್‌ನ ಪ್ರಶ್ನೆಯಲ್ಲಿ ನ್ಯಾಯವಿತ್ತು. ಲೆನ್ ನಿಂತೇ ಇದ್ದ.

ಆಗ ಮೂರನೇ ಸಾಲಿನಲ್ಲಿ ಹಿಲರಿ ಕೈ ಎತ್ತಿದಳು, ತರಗತಿಯಲ್ಲಿ ಮಕ್ಕಳು ಎತ್ತುವ ಹಾಗೆ.

"ಅವ್ರು ಹೇಳ್ತಿರೋದು ನಿಜ. ಹನ್ನೊಂದು ವರ್ಷದಿಂದ ನಾನೂ ನೋಡ್ತಿದ್ದೀನಿ. ಸಂಜೆ ಆರಕ್ಕೆ."

ಲೆನ್ ಸಭೆಯನ್ನೇ ಮರೆತು ಅವಳ ಕಡೆ ತಿರುಗಿದ. "ಮತ್ತೆ ಪ್ರಯರಿ ಕಾಡಲ್ಲಿ ನೋಡ್ದೆ ಅಂತ ಬರ್ದಿದ್ರಲ್ಲ?"

"ಹೊಂಡದವನ್ನೇ ಅಲ್ಲಿ ಬರ್ದೆ. ಅಲ್ಲಿ ನಿಮ್ಮ ಜೋಡಿ ಆಗ್ಲೇ ಇತ್ತಲ್ಲ, ಇನ್ನೆರಡು ಸೇರಿದ್ರೆ ಯಾರ್ಗೂ ಅನುಮಾನ ಬರಲ್ಲ ಅಂತ."

"ಅಲ್ಲಿ ಒಂದೂ ಇರ್ಲಿಲ್ಲ."

"ಒಂದೂ?"

"ನಾನು ಆ ಗೇಟು ದಾಟೇ ಇಲ್ಲ."

"ಅಯ್ಯೋ, ನಾನೂ ದಾಟಿಲ್ಲ," ಎಂದಳು ಹಿಲರಿ. "ಹತ್ತು ವರ್ಷದಿಂದ ನಿಮ್ಮನ್ನ ಎಷ್ಟು ಪ್ರಾಮಾಣಿಕ ಅಂದ್ಕೊಂಡಿದ್ದೆ."

"ಒಂದು ನಿಮಿಷ," ಎಂದಳು ರೊಸಲಿಂಡ್. "ಹಾಗಾದ್ರೆ ಅಲ್ಲಿ ಹಾಕಿರೋ ಫಲಕ?"

ಇಬ್ಬರೂ ನೆಲ ನೋಡಿದರು.

"ಗುರ್ ಗುರ್ ಅನ್ನುತ್ತಲ್ಲ, ಅದಾ?" ಎಂದು ಹಿಂದಿನ ಮೇಜಿನಿಂದ ಮೇವಿಸ್ ಕೇಳಿದಳು. ಚಹಾ ಬಗ್ಗಿಸುವುದನ್ನು ಅವಳು ನಿಲ್ಲಿಸಿರಲಿಲ್ಲ. "ಮಧ್ಯಾಹ್ನ ಮೂರಕ್ಕೆ ನಾಯೀನ ಅಲ್ಲಿಗೇ ಕರ್ಕೊಂಡು ಹೋಗ್ತೀನಿ. ದಿನಾ ಕೇಳುತ್ತೆ. ಏನು ಅದು ಅಂತ ಕೇಳಿದ್ದಕ್ಕೆ ಇವ್ನು ಪಾರಿವಾಳಕ್ಕೆ ನೆಗಡಿ ಆಗಿದೆ ಅಂದ."

"ನೀನು ಯಾವ ದಾರೀಲಿ ಹೋಗ್ತೀಯ?" ಎಂದ ಲೆನ್.

"ಹಿಂಬಾಗಿಲಿಂದ. ಇನ್ಯಾವ ದಾರಿ ಇದೆ?"

ಈ ಸಲ ಟೆಡ್ ಗ್ಯಾರಡ್‌ನ ನಗು ನಿಲ್ಲಲು ಸ್ವಲ್ಪ ಸಮಯ ಹಿಡಿಯಿತು. ಅವನು ಕಣ್ಣೊರೆಸಿಕೊಂಡು ಹೇಳಿದ: "ಇವ್ರಿಬ್ರನ್ನ ನಾನು ನಂಬಲ್ಲ. ಮೇವಿಸ್‌ನ ನಂಬ್ತೀನಿ. ಅವ್ಳಿಗೆ ಹಕ್ಕಿ ಅಂದ್ರೆ ಆಸಕ್ತಿನೇ ಇಲ್ಲ."

ಟೆಡ್ ಕೌನ್ಸಿಲಿನ ಸದಸ್ಯನೂ ಹೌದು. ಯೋಜನೆಯನ್ನು ಒಂದು ವರ್ಷ ಮುಂದೂಡುವ ಸೂಚನೆ ನಾಲ್ಕಕ್ಕೆ ಮೂರು ಮತಗಳಿಂದ ಗೆದ್ದಿತು. ನಾಲ್ಕನೆಯದು ಅವನ ಮತ. ವಿರುದ್ಧವಾಗಿ ಕೈ ಎತ್ತಿದ್ದ ರೊಸಲಿಂಡ್ ಒಂದು ಷರತ್ತು ಸೇರಿಸಿದಳು, ಅದನ್ನು ಯಾರೂ ವಿರೋಧಿಸಲಿಲ್ಲ.

ಮರುವಾರ ಜಿಲ್ಲಾ ದಾಖಲೆಗಾರರ ಪತ್ರ ಬಂತು, ಲೆನ್‌ಗೂ ಹಿಲರಿಗೂ ಒಂದೇ ಒಕ್ಕಣೆ. ಹೊಂಡ ಮತ್ತು ಪ್ರಯರಿ ಕಾಡಿನ ಬಗ್ಗೆ ಇಬ್ಬರೂ ಇದುವರೆಗೆ ಬರೆದದ್ದನ್ನೆಲ್ಲ ರದ್ದು ಮಾಡಲಾಗಿದೆ ಎಂದಿತ್ತು. ಲೆನ್ ಅದನ್ನು ಎರಡು ಸಲ ಓದಿ, ಮೇಜಿನ ಖಾನೆಯಲ್ಲಿ ಇಟ್ಟ. ಬಿಳಿ ಶೂ ಹೆಂಗಸಿನಂಥವರು ಇನ್ನು ಫೋನ್ ಮಾಡಲಿಕ್ಕಿಲ್ಲ ಎಂದುಕೊಂಡಿದ್ದ. ಆದರೆ ಅದೇ ಶನಿವಾರ ನಾರಿಚ್‌ನಿಂದ ಒಬ್ಬ ಫೋನ್ ಮಾಡಿ ಕೊಳಚೆ ಘಟಕದ ದಾರಿ ಕೇಳಿದ.

ಹೊಂಡದ ಹೊಸ ಸಮೀಕ್ಷೆ ಮುಂದಿನ ಏಪ್ರಿಲ್ ಇಪ್ಪತ್ತೆಂಟಕ್ಕೆ ಆರಂಭವಾಗುತ್ತದೆ. ಪಕ್ಕದ ಜಿಲ್ಲೆಯ ಮಹಿಳೆಯೊಬ್ಬರು ಆರು ಸಲ ಬಂದು ನೋಡುತ್ತಾರೆ. ಆ ಆರು ದಿನ ಲೆನ್ ಥರ್ಕೆಟ್ಲ್ ಮತ್ತು ಹಿಲರಿ ಬಗ್ ಹೊಂಡದಿಂದ ಇನ್ನೂರು ಗಜ ದೂರ ಇರಬೇಕು ಎಂಬುದೇ ರೊಸಲಿಂಡ್ ಸೇರಿಸಿದ ಷರತ್ತು.