ನಿಂಗವ್ವತ್ತೆಯ ನಲವತ್ತೊಂದು ದಡಿ

ನಿಂಗವ್ವತ್ತೆ, ನಿಮ್ಮ ನಲವತ್ತೊಂದು ದಡಿಗಳನ್ನು ಅಳಿಸಿದವಳು ನಾನು. ಅಳಿಸಿದ್ದು ಕೈತಪ್ಪಿ. ಆದರೆ ಮರುದಿನ ನಿಮ್ಮೆದುರು ಕುಳಿತು, ನೀವು ಅವನ್ನು ಬರೆದೇ ಇಲ್ಲವೇನೋ ಎಂದು ನಿಮ್ಮನ್ನೇ ನಂಬಿಸಿದೆನಲ್ಲ — ಅದು ಕೈತಪ್ಪಿ ಆದದ್ದಲ್ಲ. ಏಳು ವರ್ಷಗಳಿಂದ ಈ ಎರಡು ಮಾತು ಗಂಟಲಲ್ಲೇ ಉಳಿದಿವೆ. ಎದುರಿಗೆ ಬಂದರೆ ಮತ್ತೆ ನಾಲಿಗೆ ಹೊರಳೀತೆಂಬ ಭಯಕ್ಕೆ ಬರೆದುಕೊಳ್ಳುತ್ತಿದ್ದೇನೆ.

ಇದನ್ನು ನಮ್ಮ ಬೆಟಗೇರಿಯ ಓಣಿಯವರೂ ಓದಬೇಕು, ಲಕ್ಷ್ಮೇಶ್ವರದ ನಿಮ್ಮ ಹುಡುಗಿಯರೂ ಓದಬೇಕು. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನೀವು ನನಗೊಬ್ಬಳಿಗೇ ಅತ್ತೆಯಲ್ಲ, ಓಣಿಗೇ ಅತ್ತೆ. ಮನೆಯ ಪಡಸಾಲೆಯಲ್ಲಿ ಕುಣಿಮಗ್ಗ, ನೆಲದೊಳಗಿನ ಗುಣಿಯಲ್ಲಿ ಕಾಲಿಳಿಬಿಟ್ಟು ನೀವು. ನಿಮ್ಮ ಲಾಳಿಯ ಸದ್ದು ನಿಂತರೆ ನಮ್ಮವ್ವ ನಮ್ಮ ಮನೆಯಿಂದಲೇ ಕೂಗುತ್ತಿದ್ದಳು, ‘ನಿಂಗವ್ವಾ, ಚಾ ಇಟ್ಟೇನವಾ?’ ವಾರಕ್ಕೆರಡು ದಿನ ನೀವು ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋಗಿ, ಅಲ್ಲಿಯ ತರಬೇತಿ ಕೋಣೆಯಲ್ಲಿ ಹತ್ತೆಂಟು ಹುಡುಗಿಯರಿಗೆ ನೇಯುವುದನ್ನು ಕಲಿಸುತ್ತಿದ್ದಿರಿ. ಬೈಯುತ್ತಿದ್ದಿರಿ ಕೂಡ. ಆದರೂ ಅವರು ನೀವು ಬರುವ ಬಸ್ಸಿನ ಹೊತ್ತಿಗೆ ನಿಲ್ದಾಣಕ್ಕೇ ಬಂದು ನಿಲ್ಲುತ್ತಿದ್ದರಂತೆ.

ಸೀರೆಯ ದಡಿಯ, ಅಂದರೆ ಅಂಚಿನ, ವಿನ್ಯಾಸವನ್ನು ನಮ್ಮಲ್ಲಿ ಯಾರೂ ಬರೆದಿಡುತ್ತಿರಲಿಲ್ಲ. ಕಲಿಸುವವರು ಪಕ್ಕದಲ್ಲಿ ಕುಳಿತು ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂದು ರಾಗವಾಗಿ ಹೇಳುತ್ತಿದ್ದರು, ಕಲಿಯುವವರ ಕೈಗೆ ಅದು ಇಳಿಯುತ್ತಿತ್ತು. ನೇಕಾರರ ಸಂಘದವರು ಹಳೆಯ ದಡಿಗಳನ್ನು ಪುಸ್ತಕ ಮಾಡಬೇಕೆಂದಾಗ, ಬರೆಯಲು ಒಪ್ಪಿದವರು ನೀವೊಬ್ಬರೇ. ಅದೂ ಕಾಗದದ ಮೇಲಲ್ಲ. ‘ಬರಿಯೂದಾದ್ರ ಕಂಪ್ಯೂಟರಿನ್ಯಾಗ ಬರಿತೀನಿ. ಕಲಸ್ತೀಯೇನ ರೇಣುಕಾ?’ ಎಂದಿರಿ. ನಾನಾಗ ಗದಗಿನಲ್ಲಿ ಒಂದು ಸಣ್ಣ ಆಫೀಸಿನಲ್ಲಿ ಜಾಲತಾಣ ಮಾಡಿಕೊಡುವ ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಸಂಘದ ಈ ಕೆಲಸವನ್ನು ನನ್ನ ಪಾಲಿಗೇ ಬಿಟ್ಟಿದ್ದರು. ನಾನೊಬ್ಬಳೇ ಮಾಡಿ ಮುಗಿಸಬೇಕಾದ ಮೊದಲ ಕೆಲಸ.

ನೀವು ಬರೆಯುವ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಕಣ್ಣು ಮುಚ್ಚಿ, ಎರಡೂ ಕೈ ಗಾಳಿಯಲ್ಲಿ ಆಡಿಸುತ್ತ, ಇಲ್ಲದ ಮಗ್ಗದಲ್ಲಿ ಇಲ್ಲದ ಎಳೆಗಳನ್ನು ಎತ್ತಿ ನೋಡುತ್ತಿದ್ದಿರಿ. ಆಮೇಲೆ, ನಾನು ಮಾಡಿಕೊಟ್ಟ ಜಾಲತಾಣದ ಪುಟದಲ್ಲಿ, ಒಂದೇ ಬೆರಳಿನಿಂದ ಟೈಪು. ಒಂದು ಸಾಲಿಗೆ ಹತ್ತು ನಿಮಿಷ. ನಡುವೆ ಕಂಪ್ಯೂಟರಿನ ಬೆನ್ನು ತಟ್ಟಿ, ‘ಇದಕ್ಕೂ ಒಂದ್ ಕಪ್ಪು ಚಾ ಕೊಡ ಯವ್ವಾ, ಮುಂಜಾನಿಂದ ಕುಂತೈತಿ’ ಎಂದು ನನ್ನನ್ನು ನಗಿಸುತ್ತಿದ್ದಿರಿ.

ಒಂದು ದಿನ ಕೀಲಿಮಣೆಯ ಮೇಲೆ ಎರಡು ಗುರುತು ನಿಮ್ಮ ಕಣ್ಣಿಗೆ ಬಿದ್ದವು. ಒಂದರ ಚೂಪು ಮೂತಿ ಎಡಕ್ಕೆ, ಇನ್ನೊಂದರದು ಬಲಕ್ಕೆ. ‘ಇದು ನೋಡ, ಖರೆ ಅಂದ್ರ ಲಾಳಿ ಮೂತಿ ಇದ್ದಂಗ ಐತಿ!’ ಎಂದು ಮಗುವಿನಂತೆ ಹಿಗ್ಗಿದಿರಿ. ಅಂದಿನಿಂದ ಲಾಳಿ ಕೈ ಬಿಟ್ಟು ಹೊರಟಿತು ಎಂದರೆ ಎಡಮೂತಿ, ತಿರುಗಿ ಕೈಗೆ ಬಂತು ಎಂದರೆ ಬಲಮೂತಿ, ಆ ಎರಡರ ನಡುವೆ ಎತ್ತಬೇಕಾದ ಎಳೆಗಳ ಲೆಕ್ಕ. ಪ್ರತಿ ಸಾಲೂ ಹಾಗೆಯೇ. ಅದು ನಿಮ್ಮದೇ ಲಿಪಿ ಅತ್ತೆ. ಅದು ಹುಟ್ಟಿದ್ದನ್ನು ಪಕ್ಕದಲ್ಲಿ ಕುಳಿತು ನೋಡಿದವಳು ನಾನು. ಹಾಗಿದ್ದೂ—

ಆ ಎರಡು ಗುರುತುಗಳಿಗೆ ನನ್ನ ಕೆಲಸದಲ್ಲಿ ಬೇರೆಯೇ ಅರ್ಥವಿತ್ತು. ಜಾಲತಾಣದ ಪುಟದಲ್ಲಿ ಓದುವವರಿಗೆ ಕಾಣುವ ಬರಹದ ಹಿಂದೆ ಕಾಣದ ಆದೇಶಗಳಿರುತ್ತವೆ: ಇಲ್ಲಿ ದಪ್ಪಕ್ಷರ, ಇಲ್ಲಿ ಹೊಸ ಸಾಲು. ಅವಕ್ಕೆ ಟ್ಯಾಗ್ ಎನ್ನುತ್ತಾರೆ. ಅವೂ ಆ ಎರಡು ಮೂತಿಗಳ ನಡುವೆಯೇ ಇರುತ್ತವೆ. ಪುಸ್ತಕಕ್ಕೆ ಬೇಕಾದದ್ದು ಬರಿಯ ಬರಹ, ಟ್ಯಾಗುಗಳನ್ನೆಲ್ಲ ತೆಗೆಯಬೇಕು. ಕೈಯಿಂದ ತೆಗೆದರೆ ವಾರಗಟ್ಟಲೆ ಕೆಲಸ. ಯಾರೋ ಮೊದಲೇ ಬರೆದಿಟ್ಟ ಪ್ರೋಗ್ರಾಂಗಳ ಕಟ್ಟೊಂದು, ನಾವು ಲೈಬ್ರರಿ ಎನ್ನುವುದು, ಆ ಕೆಲಸಕ್ಕೆಂದೇ ಇತ್ತು. ಟ್ಯಾಗ್ ಹೌದೋ ಅಲ್ಲವೋ ಎಂದು ನೋಡಿ ತೆಗೆಯುವ ಲೈಬ್ರರಿಗಳೂ ಇವೆ. ನಾನು ಆರಿಸಿಕೊಂಡದ್ದು ಒಂದು ಮೂತಿಯಿಂದ ಇನ್ನೊಂದು ಮೂತಿಯವರೆಗೆ ಏನಿದ್ದರೂ ಎತ್ತಿ ಬಿಸಾಡುವಂಥದ್ದು. ಅದು ಜಲ್ದಿ ಆಗುತ್ತಿತ್ತು, ಅಷ್ಟೇ.

ಮೊದಲ ಸಲ ಓಡಿಸಿದಾಗ ನಿಮ್ಮ ಗುರುತುಗಳಿಗೆ ಏನೂ ಆಗಲಿಲ್ಲ. ಪುಟದೊಳಗೆ ಅವು ಬೇರೆ ವೇಷದಲ್ಲಿ ಇರುತ್ತವೆ, ಟ್ಯಾಗ್ ತೆಗೆದಾದ ಮೇಲೆಯೇ ನಿಜರೂಪಕ್ಕೆ ಬರುತ್ತವೆ. ಕಣ್ಣು ಮಿಟುಕಿಸುವುದರೊಳಗೆ ಅಷ್ಟೂ ಕಸ ಹೋಗಿ ನಿಮ್ಮ ಸಾಲುಗಳು ತೊಳೆದಿಟ್ಟಂತೆ ನಿಂತಿದ್ದವು. ನನಗೆ ಮೈ ಜುಮ್ಮೆಂದಿತು. ಒಂದೇ ಸಾಲಿನ ಆದೇಶಕ್ಕೆ ಇಷ್ಟು ಶಕ್ತಿಯೇ ಎಂದು ಕೈಮುಗಿಯುವಷ್ಟು ಬೆರಗು. ಕೊನೆಯಲ್ಲಿ ಒಂದೆರಡು ಟ್ಯಾಗುಗಳು ಚೂರುಪಾರು ಉಳಿದಿದ್ದವು. ಎರಡು ನಿಮಿಷ ಕುಳಿತು ಅಳಿಸಬಹುದಿತ್ತು. ಆ ಬೆರಗಿನ ಮತ್ತಿನಲ್ಲಿ ನಾನು ಇನ್ನೊಂದು ಸಲ ಓಡಿಸಿದೆ. ತೆರೆದು ನೋಡಲಿಲ್ಲ. ಅದೇ ಫೈಲಿನ ಮೇಲೆ ಉಳಿಸಿದೆ. ಕೆಲಸ ಮುಗಿಯಿತೆಂದು ಹಳೆಯ ಪುಟವನ್ನೂ ಅಂದೇ ತೆಗೆದುಹಾಕಿದೆ. ಅದನ್ನು ನಾವಿಬ್ಬರಲ್ಲದೆ ಯಾರೂ ತೆರೆದು ಓದಿರಲಿಲ್ಲ.

ಮರುದಿನ ಬೆಳಿಗ್ಗೆ ಫೈಲು ತೆರೆದೆ. ರುದ್ರಾಕ್ಷಿ ದಡಿ, ಅದರ ಕೆಳಗೆ ಖಾಲಿ. ಆನಿಹೆಜ್ಜಿ, ಖಾಲಿ. ಬಾಸಿಂಗ, ಖಾಲಿ. ನಲವತ್ತೊಂದು ಹೆಸರುಗಳು, ಹೆಸರಿನ ಕೆಳಗೆ ಏನೂ ಇಲ್ಲ. ಮೂತಿಯಿಂದ ಮೂತಿಯವರೆಗೆ ಇದ್ದದ್ದೆಲ್ಲವೂ ಟ್ಯಾಗೆಂದೇ ಹೋಗಿತ್ತು. ನಿಮ್ಮ ಎಂಟು ತಿಂಗಳ ಕೆಲಸ.

ಮಧ್ಯಾಹ್ನ ನೀವು ಆಫೀಸಿಗೇ ಬಂದಿರಿ. ಡಬ್ಬಿಯಲ್ಲಿ ಚಕ್ಕುಲಿ ತಂದಿದ್ದಿರಿ. ‘ಆತೇನ ಯವ್ವಾ ಪುಸ್ತಕದ್ದು?’ ಎಂದು ಕೇಳಿದಿರಿ. ಒಳಗೆ ನನ್ನ ಮಾಲೀಕರು ಫೋನಿನಲ್ಲಿದ್ದರು. ಆಗ ಹೇಳಿದೆ, ಒಂದೊಂದು ಅಕ್ಷರವೂ ನೆನಪಿದೆ:

‘ಅತ್ತಿ, ಫೈಲಿನ್ಯಾಗ ಬರೇ ಹೆಸರ ಅದಾವ್ರಿ. ಒಳಗಿನ ಲೆಕ್ಕ ಬರದಿದ್ರೇನ್ರಿ ನೀವು? ಹೆಸರ ಹಾಕಿ, ಆಮ್ಯಾಲೆ ಬರಿಯೂಣು ಅಂತ ಬಿಟ್ಟು, ಮರತಿರಬೇಕ್ರಿ.’

ನೀವು ಸಿಟ್ಟಾಗಬೇಕಿತ್ತು. ನನ್ನ ಕಪಾಳಕ್ಕೆ ಒಂದು ಕೊಡಬೇಕಿತ್ತು. ನೀವು ನಿಮ್ಮ ಬಲಗೈ ಬೆರಳನ್ನು ನೋಡಿಕೊಂಡಿರಿ.

‘ಬರದಂಗ ಅನಸ್ತೈತೆಲ್ಲ ಯವ್ವಾ... ನೀನೂ ಬಾಜೂಕ ಕುಂತಿದ್ದಿ ಅನಸ್ತೈತಿ...’

‘ಒಂದೆರಡು ದಡಿಗೆ ಇದ್ನಿರಿ. ಉಳದದ್ದು ನನಗ ಗೊತ್ತಿಲ್ರಿ.’

‘ಹಂಗಾರ ನನಗ ಮರವು ಬಂತು’ ಎಂದಿರಿ. ಚಕ್ಕುಲಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದಿರಿ. ಪುಸ್ತಕ ಅಲ್ಲಿಗೇ ನಿಂತಿತು.

ಕೆಲಸ ಹೋದೀತೆಂದು ಹೆದರಿದ್ದೆ. ಹೆದರಿದವರೆಲ್ಲ ಹೀಗೆ ಮಾಡುವುದಿಲ್ಲ. ಇದನ್ನು ನೆಪವಾಗಿ ಮುಂದಿಡುತ್ತಿಲ್ಲ. ಎರಡು ದಿನ ಬಿಟ್ಟು ನಿಜ ಹೇಳಿದರಾಯಿತು ಎಂದುಕೊಂಡೆ. ಆ ಎರಡು ದಿನ ಮುಗಿಯಲೇ ಇಲ್ಲ.

ಆಮೇಲೆ ಏನೇನಾಯಿತೆಂದು ಎದುರಿನ ಮನೆಯಲ್ಲಿದ್ದು ಎಲ್ಲ ನೋಡಿದೆ. ಮುಂದಿನ ವಾರವೇ ನೀವು ಲಕ್ಷ್ಮೇಶ್ವರಕ್ಕೆ ಹೋಗುವುದನ್ನು ನಿಲ್ಲಿಸಿದಿರಿ. ‘ಮರವು ಬಂದಾಕಿ ಕಡೆ ಕಲತ್ರ ಹುಡುಗ್ಯಾರ ಕೈ ಕೆಡತೈತಿ’ ಎಂದು ನಮ್ಮವ್ವನ ಮುಂದೆ ಹೇಳಿದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದ್ದೇನೆ. ಗ್ಯಾಸು ಆರಿಸಿದ್ದೀರೋ ಇಲ್ಲವೋ ಎಂದು ಮೂರು ಮೂರು ಸಲ ಒಳಗೆ ಹೋಗಿ ನೋಡುವುದು. ಮನೆಯ ಕೀಲಿಯನ್ನು ತಂಗಿ ಗೌರವ್ವನ ಕೈಗೆ ಕೊಟ್ಟದ್ದು. ಗದಗಿನ ಡಾಕ್ಟರು ಏನೂ ಆಗಿಲ್ಲವೆಂದರೂ ನೀವು ನಂಬಲಿಲ್ಲವಂತೆ. ಅವರ ಮಾತಿಗಿಂತ ನನ್ನ ಮಾತು ನಿಮಗೆ ಹೆಚ್ಚಾಯಿತು. ಓಣಿಯವರು ಕೂಡ, ಪ್ರೀತಿಯಿಂದಲೇ, ನಿಮಗೆ ಎಲ್ಲವನ್ನೂ ಎರಡೆರಡು ಸಲ ಹೇಳತೊಡಗಿದರು. ನಾನೂ ಹೇಳಿದ್ದೇನೆ. ಅದನ್ನು ನೆನೆದರೆ ಈಗಲೂ ಮುಖ ಎಲ್ಲಿಡಲಿ ಎನ್ನಿಸುತ್ತದೆ.

ಹೋದ ಭಾನುವಾರ ಗೌರವ್ವತ್ತೆ ಬಂದು, ‘ಅಕ್ಕ ಕರಿಯಾಕತ್ತಾಳ, ಬಾ’ ಎಂದರು. ಪಡಸಾಲೆಯಲ್ಲಿ ನೀವು ಒಂದು ಸುರುಳಿ ಹಿಡಿದು ಕುಳಿತಿದ್ದಿರಿ. ಗೇಣಗಲದ ಬಟ್ಟೆ. ಅದರ ತುದಿಯನ್ನು ತಂಗಿಯ ಕೈಗೆ ಕೊಟ್ಟು, ‘ನಡಿ, ಬಾಗಲದ ತನಕ ನಡಿ’ ಎಂದಿರಿ.

ಬಟ್ಟೆ ಬಿಚ್ಚುತ್ತ ಹೋಯಿತು. ಕೆಂಪು, ಕಪ್ಪು, ಅರಿಶಿನ. ಒಂದು ದಡಿ ಒಂದು ಗೇಣು, ನಡುವೆ ಬಿಳಿಯ ಗೆರೆ, ಮತ್ತೆ ಇನ್ನೊಂದು ದಡಿ. ಬಾಗಿಲು ದಾಟಿತು, ಕಟ್ಟೆ ದಾಟಿತು, ಗೌರವ್ವತ್ತೆ ಓಣಿಯ ನಡುವೆ ಬಿಸಿಲಲ್ಲಿ ನಿಂತರೂ ನಿಮ್ಮ ಕೈಯಲ್ಲಿ ಇನ್ನೂ ಸುರುಳಿ ಉಳಿದಿತ್ತು. ಎರಡು ವರ್ಷ ಯಾರಿಗೂ ಹೇಳದೆ ನೇಯ್ದದ್ದಂತೆ.

‘ತಲಿಯಾಗ ಎಷ್ಟ ಉಳದೈತಿ ನೋಡ್ಕೊಳ್ಳೂಣು ಅಂತ ಹಚ್ಚಿದ್ದೆ’ ಎಂದಿರಿ. ‘ಆ ಹೆಸರಿನ ಯಾದಿ ನಿನ್ನ ಕಡೆ ಐತೆಲ್ಲ. ಯಾವುದು ಬಿಟ್ಟೀನಿ ನೋಡಿ ಹೇಳ.’

ಯಾದಿ ನನ್ನ ಫೋನಿನಲ್ಲೇ ಇತ್ತು. ಆ ಖಾಲಿ ಹೆಸರುಗಳನ್ನು ಏಳು ವರ್ಷ ನಾನು ಅಳಿಸಿಲ್ಲ. ಮಂಡಿಯೂರಿ ಒಂದೊಂದೇ ದಡಿ ನೋಡುತ್ತ ಹೋದೆ, ನೀವು ಹೆಸರು ಹೇಳುತ್ತ ಬಂದಿರಿ. ರುದ್ರಾಕ್ಷಿ. ಆನಿಹೆಜ್ಜಿ. ಬಾಸಿಂಗ. ಒಂದೂ ಬಿಟ್ಟಿರಲಿಲ್ಲ. ಬರೆದ ಕ್ರಮವೂ ಅದೇ.

ಅಳಿಸಿಹೋದ ಅಷ್ಟೂ ಸಾಲುಗಳಲ್ಲಿ ನನಗೆ ನೆನಪಿರುವುದು ಒಂದೇ ಸಾಲು. ಅಂದು ನಿಮ್ಮ ಕಣ್ಣು ನೋಯುತ್ತಿತ್ತೆಂದು ಬಾಸಿಂಗ ದಡಿಯ ಮೊದಲ ಸಾಲು ನಾನು ಟೈಪು ಮಾಡಿದ್ದೆ. ಮೂರು ಎತ್ತು ಎಂದು ಹೊಡೆದಿದ್ದೆ. ನೀವು ಕಣ್ಣು ತೆರೆಯದೆ, ‘ಮೂರಲ್ಲ, ನಾಕು. ನಾಕು ಎತ್ತು, ಒಂದು ಬಿಡು, ನಾಕು ಎತ್ತು’ ಎಂದಿದ್ದಿರಿ. ಬಟ್ಟೆಯ ಮೇಲೆ ಉಗುರಿಟ್ಟು ಎಳೆ ಎಣಿಸಿದೆ. ನಾಲ್ಕು. ಒಂದು. ನಾಲ್ಕು.

ಅತ್ತೆ, ಆಗ ನನಗೆ ಏನಾಯಿತೆಂದು ಹೇಗೆ ಹೇಳಲಿ. ಅಂದು ಯಂತ್ರದ ಮುಂದೆ ಕುಳಿತು ಬೆರಗಾಗಿದ್ದೆನಲ್ಲ, ಅದು ಬೆರಗೇ ಅಲ್ಲ. ಪಡಸಾಲೆಯಿಂದ ಓಣಿಯ ನಡುವಿನವರೆಗೆ ಹಾಸಿದ ಆ ನೆನಪಿನ ಮುಂದೆ ಉಸಿರೆತ್ತಲೂ ನನಗೆ ಧೈರ್ಯವಾಗಲಿಲ್ಲ. ನಾನು ಒಂದು ಕ್ಷಣದಲ್ಲಿ ಕಳೆದದ್ದನ್ನು, ನಿಮಗೆ ನಿಮ್ಮ ತಲೆಯ ಮೇಲೆಯೇ ನಂಬಿಕೆ ಇಲ್ಲದ ಹೊತ್ತಿನಲ್ಲಿ, ನಿಮ್ಮ ಕೈಗಳು ಎಳೆ ಎಳೆಯಾಗಿ ಹೊತ್ತು ತಂದಿದ್ದವು. ನನಗೆ ಆ ಬಟ್ಟೆಯನ್ನು ಮುಟ್ಟಲೂ ಯೋಗ್ಯತೆ ಇಲ್ಲವೆನ್ನಿಸಿತು. ಮುಟ್ಟದೆ ಇರಲೂ ಆಗಲಿಲ್ಲ.

‘ಎಲ್ಲಾ ಬಂದಾವೇನ?’

‘ಬಂದಾವ್ರಿ ಅತ್ತಿ. ನಲವತ್ತೊಂದೂ.’

ನೀವು ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡಿದಿರಿ. ಸಿಟ್ಟಿರಲಿಲ್ಲ, ಸಂಶಯವೂ ಇರಲಿಲ್ಲ. ಮೆಲ್ಲಗೆ ಕೇಳಿದಿರಿ:

‘ಹಂಗಾರ... ಆವಾಗ ನಾ ಬರದಿದ್ನೇನ ರೇಣುಕಾ?’

ಬಾಗಿಲು ತೆರೆದಿಟ್ಟು ಕರೆದಂತಿತ್ತು ಅತ್ತೆ. ನಾನು ಒಳಗೆ ಬರಲಿಲ್ಲ. ‘ಇರಬಹುದ್ರಿ’ ಎಂದೆ. ‘ಈಗ ಯಾರಿಗೆ ನೆನಪೈತ್ರಿ’ ಎಂದೆ. ನೀವು ತಲೆಯಾಡಿಸಿ ಬಟ್ಟೆ ಸುತ್ತತೊಡಗಿದಿರಿ. ಏಳು ವರ್ಷದ ಹಿಂದಿನ ಸುಳ್ಳನ್ನು ಹೆದರಿಕೆಯಲ್ಲಿ ಆಡಿದ್ದೆ. ಹೋದ ಭಾನುವಾರದ್ದಕ್ಕೆ ಆ ಹೆಸರನ್ನೂ ಇಡಲಾರೆ.

ನಾಳೆ ಮತ್ತೆ ಭಾನುವಾರ. ಬೆಳಿಗ್ಗೆ ನೀವು ಮಗ್ಗದ ಗುಣಿಗೆ ಇಳಿಯುವ ಮೊದಲು ಬರುತ್ತೇನೆ. ಗೌರವ್ವತ್ತೆಯೂ ಇರಲಿ, ನಮ್ಮವ್ವನನ್ನೂ ಕರೆದುಕೊಂಡು ಬರುತ್ತೇನೆ, ಅವರೆದುರಿಗೇ ಓದುತ್ತೇನೆ. ಆಮೇಲೆ ಇದನ್ನು ಹಿಡಿದು ಲಕ್ಷ್ಮೇಶ್ವರದ ಬಸ್ಸು ಹತ್ತುತ್ತೇನೆ. ನೀವು ನನ್ನನ್ನು ಹೊಸಿಲಾಚೆ ನಿಲ್ಲಿಸಿದರೆ ಆಚೆಯೇ ನಿಂತು ಓದುತ್ತೇನೆ. ಕ್ಷಮಿಸಿ ಎಂಬ ಮಾತನ್ನು ಇದರಲ್ಲಿ ಎಲ್ಲಿಯೂ ಬರೆದಿಲ್ಲ, ಅದನ್ನು ಕೇಳಲು ನಾನು ಬರುತ್ತಿಲ್ಲ. ನೀವು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಬರುತ್ತಿದ್ದೇನೆ.

ಬರೆದಿದ್ದಿರಿ ಅತ್ತೆ. ನಲವತ್ತೊಂದನ್ನೂ ಬರೆದಿದ್ದಿರಿ. ನಾನು ಬಾಜೂಕ ಕುಳಿತಿದ್ದೆ.