ಲಾಂಛನದ ಮೇಲಿನ ಬೆಟ್ಟ ಯಾರದು?

ನಮ್ಮ ಮದುವೆ ಆಲ್ಬಮ್ಮಿನಲ್ಲಿ ನಾವಿಬ್ಬರೂ ಚೆನ್ನಾಗಿ ಕಾಣುವ ಫೋಟೋ ಇರುವುದು ಒಂದೇ. ಕಳೆದ ವಾರ ಅದು ಊರಿಗೆಲ್ಲ ಪ್ರದರ್ಶನವಾಯಿತು. ನನ್ನನ್ನೂ ಗಂಡನನ್ನೂ ಕತ್ತರಿಸಿ ತೆಗೆದಿದ್ದರು. ಹಿಂದಿದ್ದ ಬೆಟ್ಟ ಮಾತ್ರ ಉಳಿದಿತ್ತು!

ನಡೆದದ್ದು ಇಷ್ಟು. ರಾಯದುರ್ಗಕ್ಕೊಂದು ಲಾಂಛನ ಬೇಕೆಂದು ಊರಿನ ಕೆಲವು ಹಿರಿಯರಿಗೆ ಅನಿಸಿತು. "ವಿಜಯನಗರದವ್ರಿಗೆ ವರಾಹ ಇತ್ತು, ಮೈಸೂರವ್ರಿಗೆ ಗಂಡಭೇರುಂಡ ಐತಿ. ನಮಗ ಯಾಕ ಬ್ಯಾಡ್ರಿ?" ಎಂದು ಎದ್ದು ಕೇಳಿದವರು ನಮ್ಮ ಮಾವ, ರಿಟೈರ್ಡ್ ಮೇಷ್ಟ್ರು. ಕೇಳಿದವರ ಹೆಗಲಿಗೇ ಕೆಲಸ ಬಿತ್ತು.

ಆಮೇಲೆ ಮನೆಯಲ್ಲಿ ಅದೇ ಮಾತು. ಲಾಂಛನದಲ್ಲಿ ಕೆಳಗೆ ಹೊಲಿಗೆ ಮಷೀನು, ಊರು ಜೀನ್ಸ್ ಹೊಲಿಯುತ್ತದಲ್ಲ. ಎಡಕ್ಕೆ ಶೇಂಗಾ ಗಿಡ. ಬಲಕ್ಕೆ ಟಗರು, ಕುರಿ ಸಾಕುವ ಗುಮ್ಮಘಟ್ಟದ ಕಡೆಯವರು ಮುನಿಸಿಕೊಳ್ಳಬಾರದು. (ಮೊದಲು ಸಿಂಹ ಇತ್ತು. "ಸಿಂಹ ಯಾವತ್ತರ ನಮ್ಮೂರಿಗೆ ಬಂದೈತೇನ್ರಿ?" ಎಂದು ಅತ್ತೆ ಕೇಳಿದ ಮೇಲೆ ಓಡಿಹೋಯಿತು.) ಎಲ್ಲಕ್ಕಿಂತ ಮೇಲೆ, ದೊಡ್ಡದಾಗಿ, ನಮ್ಮೂರ ಕೋಟೆ ಬೆಟ್ಟ.

ಫ್ಲೆಕ್ಸ್ ಅಂಗಡಿಯವನು ಬೆಟ್ಟದ ಫೋಟೋ ಕೇಳಿದ. ಬಾಗಿಲು ತೆರೆದರೆ ಬೆಟ್ಟ. ಆದರೆ ಆ ಬಿಸಿಲಿಗೆ ಯಾರು ಹೋಗುತ್ತಾರೆ? ಮಾವ ಫ್ಯಾನಿನ ಕೆಳಗೆ ಕೂತು ಮಗನ ಮದುವೆ ಆಲ್ಬಮ್ ತೆಗೆದರು. ಮಗನ ಹಿಂದೆ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಇನ್ನೇನು ಬೇಕು?

ಮದುವೆ ನಡೆದದ್ದು ಮಡಕಶಿರಾದಲ್ಲಿ, ನನ್ನ ತವರಿನಲ್ಲಿ. ಅಲ್ಲೂ ಬೆಟ್ಟವಿದೆ. ಅಲ್ಲೂ ಕೋಟೆಯಿದೆ!

ಅನಾವರಣದ ದಿನ ಬೆಳಿಗ್ಗೆ ಲಾಂಛನದ ಕಸೂತಿ ಹಾಕಿದ ಟೋಪಿಗಳು ಮನೆಗೆ ಬಂದವು. ನೋಡಿದ ಕೂಡಲೇ ಗೊತ್ತಾಯಿತು, ಇದು ನನ್ನ ತವರಿನ ಬೆಟ್ಟ. ಹುಟ್ಟಿದಾಗಿನಿಂದ ಮಾಳಿಗೆ ಮೇಲೆ ನಿಂತು ನೋಡಿದ ಬೆಟ್ಟ, ಗುರುತು ಸಿಗದೆ ಇರುತ್ತದೆಯೇ?

"ಮಾವಾರ, ಈ ಬೆಟ್ಟ ಒಂಚೂರು..."

"ಚಲೋ ಬಂದೈತಲ್ಲಮ್ಮ!"

ಅವರ ಖುಷಿ ಕೆಡಿಸಲು ಮನಸ್ಸಾಗದೆ ಟೋಪಿ ಎಣಿಸತೊಡಗಿದೆ. ಆದರೆ ದೊಡ್ಡ ಭಯ ಬೇರೆಯೇ ಇತ್ತು. ಸಭೆಗೆ ನನ್ನ ಅಪ್ಪ ಬರುವವರಿದ್ದರು. ಬೀಗರ ತಪ್ಪು ಹುಡುಕುವುದೆಂದರೆ ಅವರಿಗೆ ಹೋಳಿಗೆ ಊಟ. ಮದುವೆಯ ಸಾರಿಗೆ ಉಪ್ಪು ಕಮ್ಮಿ ಎಂದು ಮಾವ ಅಂದದ್ದನ್ನು ಅವರಿನ್ನೂ ಮರೆತಿಲ್ಲ. ತುಂಬಿದ ಸಭೆಯಲ್ಲಿ ಅಪ್ಪ ಒಂದು ಮಾತು ಆಡಿದರೆ ಮಾವ ಈ ಊರಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

ಸಭಾಭವನದಲ್ಲಿ ಲಾಂಛನದ ಮೇಲಿನ ಪರದೆ ಸರಿಯಿತು. ಮಾವ ಕೋಲು ಹಿಡಿದು ಪಾಠ ಶುರುಮಾಡಿದರು. "ಬೆಟ್ಟ ಅಂದ್ರ ನಮ್ಮ ಸ್ವಾಭಿಮಾನ. ಇಂಥ ಬೆಟ್ಟ ಸುತ್ತಮುತ್ತ ಯಾವ ಊರಾಗೂ ಇಲ್ರಿ!"

ಭರ್ಜರಿ ಚಪ್ಪಾಳೆ. ಕಿಟಕಿಯಾಚೆ ರಾಯದುರ್ಗದ ಅಸಲಿ ಬೆಟ್ಟ ನಿಂತಿತ್ತು. ಒಬ್ಬರಾದರೂ ತಿರುಗಿ ನೋಡಬೇಕಲ್ಲ! (ಹಿತ್ತಲ ಗಿಡ ಮದ್ದಲ್ಲ, ಬಾಗಿಲ ಬೆಟ್ಟ ಬೆಟ್ಟವಲ್ಲ.)

ಆಗ ಅಪ್ಪ ಎದ್ದರು. ನಾನು ಕಣ್ಣು ಮುಚ್ಚಿಕೊಂಡೆ.

"ನಿಜ ಬೀಗ್ರೇ. ಇಂತಾ ಬೆಟ್ಟ ಎಲ್ಲೂ ಇಲ್ಲ" ಎಂದು ಮಾವನಿಗೆ ಶಾಲು ಹೊದಿಸಿದರು.

ಊಟದ ಹೊತ್ತಿಗೆ ಮೆಲ್ಲಗೆ ಕೇಳಿದೆ. "ಅಪ್ಪಾ, ಗುರ್ತು ಸಿಗ್ಲಿಲ್ವಾ?"

"ಸಿಗ್ದೆ ಏನು? ಮಗಳ್ನೇ ಕೊಟ್ಟಿದೀನಿ, ಬೆಟ್ಟ ಏನ್ ದೊಡ್ದು ಬಿಡಮ್ಮಾ."

ಕಣ್ಣು ತುಂಬಿ ಬಂತು. ಅಪ್ಪನ ಮೇಲೆ ಅಷ್ಟು ಪ್ರೀತಿ ಉಕ್ಕಿ ಎಷ್ಟು ದಿನವಾಗಿತ್ತೋ.

ಅಷ್ಟರಲ್ಲಿ ಮಾವ ಟೋಪಿ ಸರಿಮಾಡಿಕೊಳ್ಳುತ್ತ ಬಂದರು. "ಬೀಗ್ರ, ನಿಮ್ಮೂರಿಗೂ ಒಂದು ಲಾಂಛನ ಮಾಡಸ್ರಿ. ಬೆಟ್ಟದ ಫೋಟೋ ನಾನ ಕೊಡ್ತೀನಿ!"

ಈಗ ಹೇಳಿ, ಆ ಆಲ್ಬಮ್ಮನ್ನು ನಾನು ಎಲ್ಲಿ ಬಚ್ಚಿಡಲಿ?