ಎರಡು ಮನೆಗೆ ಒಂದೇ ನಂಬರು

ರಾಯಚೂರಿನ ನಮ್ಮ ಮನೆಗೆ ಎರಡು ಬಾಗಿಲು. ಬೀದಿ ಕಡೆಗಿರುವ ದೊಡ್ಡ ಬಾಗಿಲು ನೆಂಟರಿಗೆ, ಹಾಲಿನವನಿಗೆ, ಓಟು ಕೇಳಲು ಬರುವವರಿಗೆ. ಇನ್ನೊಂದು ಹಿಂದಿನ ಅಂಗಳದ ಗೋಡೆಯಲ್ಲಿದ್ದ ಗಿಡ್ಡ ಬಾಗಿಲು. ತಲೆ ಬಗ್ಗಿಸಿ ಅದನ್ನು ದಾಟಿದರೆ ಪಕ್ಕದ ಮನೆಯ ಅಂಗಳ. ಅವರು ಮುಸಲ್ಮಾನರು, ಮನೆಯಲ್ಲಿ ದಖನಿ ಮಾತಾಡುವವರು, ಗಂಜ್ ಮಾರುಕಟ್ಟೆಯಲ್ಲಿ ಶೇಂಗಾ ವ್ಯಾಪಾರ. ಮನೆಯ ಯಜಮಾನರನ್ನು ನಾವು ಚಾಚಾ ಎಂದೇ ಕರೆಯುತ್ತ ಬೆಳೆದೆವು. ಅವರ ಮಗಳು ನನ್ನ ಓರಗೆಯವಳು, ನನ್ನ ಗೆಳತಿ. ಆ ಬಾಗಿಲನ್ನು ಇಟ್ಟವರು ಯಾರು ಎಂದು ಕೇಳಿದರೆ ಅವ್ವ, "ನಾ ಸೊಸಿಯಾಗಿ ಬರೂದ್ರಾಗ ಇತ್ತು" ಎನ್ನುತ್ತಿದ್ದಳು. ಅದಕ್ಕಿಂತ ಹಿಂದಿನದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ನಮ್ಮೂರಿನ ಬಿಸಿಲು ಕಂಡವರಿಗೆ ಆ ಬಾಗಿಲಿನ ಬೆಲೆ ಗೊತ್ತಾಗುತ್ತದೆ. ಬೇಸಗೆಯ ಮಧ್ಯಾಹ್ನ ಎರಡೂ ಅಂಗಳದ ಗಾಳಿ ಅಲ್ಲೇ ಹಾದುಹೋಗುತ್ತಿತ್ತು. ಅವ್ವ ಮತ್ತು ಗೆಳತಿಯ ತಾಯಿ ಶಹಾಬಾದ ಕಲ್ಲಿನ ಆ ಹೊಸ್ತಿಲಿನ ಎರಡೂ ಬದಿಗೆ ಕೂತು, ಒಬ್ಬರು ಶೇಂಗಾ ಸುಲಿಯುತ್ತ, ಇನ್ನೊಬ್ಬರು ಅಕ್ಕಿ ಆರಿಸುತ್ತ, ಊರಿನವರ ಮನೆಯ ಸುದ್ದಿಯನ್ನೆಲ್ಲ ಜಾಲಿಸುತ್ತಿದ್ದರು. ನಾವು ಲಿಂಗವಂತರು, ಮಾಂಸ ಮುಟ್ಟದವರು. ಹಾಗಾಗಿ ರಂಜಾನಿಗೆ ಮುಂಚೆ ಅವ್ವ ನಮ್ಮ ಮನೆಯ ಪಾತ್ರೆಯನ್ನೇ ತೊಳೆದು ಕೊಡುತ್ತಿದ್ದಳು. ಶಾವಿಗೆಯ ಶೀರ್ ಖುರ್ಮಾ ಅದರಲ್ಲೇ ಕುದ್ದು ಬರುತ್ತಿತ್ತು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಅಂಥ ತಿಳುವಳಿಕೆಯ ಕಾಲವನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಮನೆಪಟ್ಟಿ ಕಟ್ಟುವ ದಿನ ನಮಗೆ ಹಬ್ಬ. ಮನೆಪಟ್ಟಿಯೆಂದರೆ ಮನೆಯ ತೆರಿಗೆ. ಅಪ್ಪ ಮತ್ತು ಚಾಚಾ ಒಂದೇ ಸೈಕಲ್ಲಿನಲ್ಲಿ ಹೋಗುತ್ತಿದ್ದರು, ಅಪ್ಪ ತುಳಿಯುವುದು, ಚಾಚಾ ಹಿಂದೆ ಕೂತು ಕೊಡೆ ಹಿಡಿಯುವುದು. ಒಂದೇ ರಸೀದಿ ಹರಿಸಿಕೊಂಡು, ಅರ್ಧ ಅರ್ಧ ಹಂಚಿಕೊಂಡು, ದಾರಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದರು. ಆ ಮಿರ್ಚಿಯ ಜೊತೆಗೆ ಮಂಡಕ್ಕಿಯ ಸುಸ್ಲಾ ಮಾಡಿ ಎರಡೂ ಮನೆಯ ಮಕ್ಕಳನ್ನು ಸಾಲಾಗಿ ಕೂಡಿಸುತ್ತಿದ್ದರು. ಎರಡು ಮನೆಗೆ ಒಂದೇ ರಸೀದಿ ಏಕೆ ಎಂದು ಮಕ್ಕಳು ಕೇಳುವುದುಂಟೇ? ಮಿರ್ಚಿ ಬಂದರೆ ಸಾಕಿತ್ತು.

ಅದರ ಕಥೆ ಹೀಗೆ. ತಾತನ ಕಾಲದಲ್ಲಿ ಊರಿನ ಮನೆಗಳಿಗೆಲ್ಲ ಹೊಸದಾಗಿ ನಂಬರು ಹಾಕಲು ಒಬ್ಬ ಮನುಷ್ಯ ಬಂದಿದ್ದನಂತೆ. ನಮ್ಮ ದೊಡ್ಡ ಬಾಗಿಲಿನಿಂದ ಒಳಗೆ ಬಂದವನು ಮಜ್ಜಿಗೆ ಕುಡಿದು, ಗಿಡ್ಡ ಬಾಗಿಲು ದಾಟಿ, ಪಕ್ಕದ ಮನೆಯ ಬಾಗಿಲಿನಿಂದ ಬೀದಿಗಿಳಿದು, ಎರಡನ್ನೂ ಸೇರಿಸಿ ಒಂದೇ ಮನೆಯೆಂದು ತಾತನ ಹೆಸರಿಗೆ ಬರೆದುಕೊಂಡು ಹೋದ. ಎರಡೂ ಮನೆಯವರು ಬಿದ್ದು ಬಿದ್ದು ನಕ್ಕರೇ ಹೊರತು ಹೋಗಿ ತಿದ್ದಿಸಲಿಲ್ಲ. ಒಬ್ಬರು ಹೋದರೆ ಇಬ್ಬರ ಕೆಲಸವೂ ಆಗುತ್ತಿತ್ತಲ್ಲ. ಮುಂದೆ ತಾತ ಹೋದರು, ಅಪ್ಪನೂ ಹೋದ. ಹಿರಿಯರ ಹೆಸರು ತೆಗೆಸುವುದು ಮರ್ಯಾದೆಯಲ್ಲವೆಂದು ರಸೀದಿ ತಾತನ ಹೆಸರಿನಲ್ಲೇ ಬರುತ್ತ ಉಳಿಯಿತು.

ಗೆಳತಿಯನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಳು. ತಾಯಿ ಇರಲಿಲ್ಲ, ಚಾಚಾನ ಕಾಲು ಸೋತಿದ್ದವು. ಅವರ ಊಟ, ಔಷಧ ಎಲ್ಲ ಇವಳ ಕೈಯಲ್ಲೇ. ಅಣ್ಣಂದಿರು ಹೈದರಾಬಾದಿನಲ್ಲಿ ನೆಲೆ ನಿಂತವರು. ತಮ್ಮ ಅಪ್ಪನ ನಂತರ ಮನೆ ಮಾರಿಬಿಡುವುದೆಂದು ಅವರು ಆಗಲೇ ಮಾತಾಡಿಕೊಂಡಿದ್ದರು. ಅದು ಕಿವಿಗೆ ಬಿದ್ದ ದಿನದಿಂದ ಚಾಚಾನದು ಒಂದೇ ಹಟ. ತಾನು ಉಸಿರಾಡುವಾಗಲೇ ಮನೆಯನ್ನು ಮಗಳಿಗೆ ದಾನವಾಗಿ ಬರೆದುಕೊಡಬೇಕು, ಆಮೇಲೆ ಅವಳನ್ನು ಯಾರೂ ಎಬ್ಬಿಸಬಾರದು. ರಿಜಿಸ್ಟ್ರಿ ಮಾಡುವವರು ಮೊದಲು ಇ-ಖಾತೆ, ಅಂದರೆ ಮನೆಪಟ್ಟಿ ಯಾರ ಹೆಸರಿಗಿದೆ ಎಂಬ ಕಂಪ್ಯೂಟರ್ ದಾಖಲೆ, ತರ್ರಿ ಎಂದರು.

ನಾನು ಮಾನ್ವಿಯಲ್ಲಿ ಮಾಸ್ತರಿಕೆ ಮಾಡುವವಳು, ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಓದಿದವಳೆಂದು ಆ ಕೆಲಸ ನನ್ನ ಕೊರಳಿಗೆ ಬಿತ್ತು. ಒಂದು ಭಾನುವಾರ ನಾನು, ಗೆಳತಿ ಇಬ್ಬರೂ ಆ ಹೊಸ್ತಿಲ ಮೇಲೇ ಕೂತು ಫೋನು ತೆರೆದೆವು. ಜಿಲ್ಲೆ ಆರಿಸು, ಊರು ಆರಿಸು, ವಾರ್ಡು ಆರಿಸು, ಆಮೇಲೆ ಮಾಲೀಕರ ಹೆಸರು ಹಾಕು. ಚಾಚಾನ ಹೆಸರು ಹಾಕಿದೆ. ದಾಖಲೆ ಇಲ್ಲ ಎಂದು ಬಂತು. ಅವರ ಅಪ್ಪನ ಹೆಸರು ಹಾಕಿದೆ. ಅದೂ ಇಲ್ಲ. ನಮ್ಮ ತಾತನ ಹೆಸರು ಹಾಕಿದ ಕೂಡಲೇ ನಮ್ಮ ಮನೆ ಎದ್ದುಬಂತು. ಉದ್ದಗಲ ನೋಡಿದರೆ ನಮ್ಮ ಮನೆಯ ಎರಡರಷ್ಟು. ಕೆಳಗೆ ನಾಲ್ಕು ದಿಕ್ಕಿಗೆ ಯಾರ್ಯಾರ ಆಸ್ತಿಯೆಂದು ಬರೆದಿತ್ತು.

"ಮೂಡಲ ಕಡಿ ಯಾರ ಮನಿ ಅದ?" ಎಂದಳು.

"ಟೇಲರನ ಮನಿ ಅಂತ ಬರದಾರ."

"ಟೇಲರ ನಮ್ಮ ಮನಿ ಆ ಕಡಿಗಿ ಅದಾನಲ್ಲ. ನಡುವ ನಾವು ಎಲ್ಲಿ ಹೋದ್ವಿ?"

ನಗುತ್ತಲೇ ಕೇಳಿದಳು. ನಾನು ಸಮಾಧಾನಕ್ಕೆ, ಇದು ಮಾಲೀಕತ್ವದ ಕಾಗದವಲ್ಲ, ಯಾರ ಹೆಸರಿಗೆ ತೆರಿಗೆ ಎಂಬುದಷ್ಟೇ, ನಿಮ್ಮ ಹಳೆಯ ಖರೀದಿಪತ್ರ ಪೆಟ್ಟಿಗೆಯಲ್ಲಿ ಭದ್ರವಾಗಿದೆ ಎಂದು ಪಾಠ ಒಪ್ಪಿಸಿದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. "ದೇವದುರ್ಗದ್ದೂ ನೋಡು" ಎಂದಳು. ನೋಡಿದೆ. ಅವಳು ಬಾಳಿದ ಮನೆ ಮೈದುನಂದಿರ ಹೆಸರಿನಲ್ಲಿತ್ತು. ಸುಮ್ಮನಿರಲಾರದೆ ನಾನು ಮಾನ್ವಿಯಲ್ಲಿ ಕೊಂಡಿಟ್ಟ ಖಾಲಿ ಸೈಟನ್ನೂ ಹುಡುಕಿದೆ. ನಂಬರು, ಅಳತೆ, ಜಾಲಿಗಿಡದ ಮುಂದೆ ನಾನು ನಿಂತ ಫೋಟೋ, ಎಲ್ಲ ಚೊಕ್ಕವಾಗಿ ಬಂತು.

"ನಿನ್ನ ಜಾಲಿಗಿಡಕ್ಕೂ ನಂಬರ ಅದ ನೋಡು," ಎಂದಳು. "ನಾನ ಎಲ್ಲೂ ಇಲ್ಲ."

ಈ ಸಲ ನಗಲಿಲ್ಲ. ನಾನು ಫೋನು ಮುಚ್ಚಿಟ್ಟೆ.

ಮನೆಪಟ್ಟಿಯ ಆಫೀಸಿಗೆ ಓಡಾಡಿದೆವು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಆದರೆ ಅಲ್ಲಿದ್ದ ಕಂದಾಯದ ಅಧಿಕಾರಿ ಕೆಟ್ಟ ಮನುಷ್ಯನಲ್ಲ, ಜಗಳಕ್ಕೆ ಸಿಗಲೇ ಇಲ್ಲ. ಕಾಗದ ನೋಡಿ, ಒಂದು ಖಾತೆಯನ್ನು ಎರಡು ಮಾಡಬಹುದು, ಈಗ ಖಾತೆ ಇರುವ ಮನೆಯವರು ಒಪ್ಪಿ ಸಹಿ ಹಾಕಬೇಕು ಎಂದರು. ಮರುವಾರ ಸ್ಥಳ ನೋಡಲು ಬಂದರು. ಅಂಗಳಕ್ಕೆ ಬಂದವರು ಗಿಡ್ಡ ಬಾಗಿಲಿನ ಮುಂದೆ ನಿಂತುಬಿಟ್ಟರು.

"ಮೇಡಂ, ನಡುವ ಹಿಂಗ ಬಾಗಲ ಇದ್ರ ಎರಡು ಮನಿ ಅಂತ ನಾ ಹೆಂಗ ಬರೀಲ್ರಿ?"

"ಬಾಗಲ ಇದ್ರ ಏನಾತ್ರಿ? ಒಲಿ ಬ್ಯಾರೆ, ದೇವರು ಬ್ಯಾರೆ, ಕರೆಂಟಿನ ಮೀಟರ್ ಬ್ಯಾರೆ."

"ನೀವು ಹೇಳೂದು ಖರೇ ಅದರಿ. ಆದ್ರ ಮೊದಲ ಬಂದಾತ ಹಿಂಗ ನೋಡೇ ಒಂದು ಅಂತ ಬರಕೊಂಡು ಹೋದ. ನಾಳಿ ಇನ್ನೊಬ್ಬ ಬಂದು ನೋಡಿದ್ರ ಮತ್ತ ಒಂದ ಅಂತಾನ. ಗೋಡಿ ಎಬ್ಬಸ್ರಿ. ನಾ ಬಂದು ಫೋಟೋ ತಗೋತೀನಿ."

ಅವರು ಹೋದ ಮೇಲೆ ನನ್ನ ಪಿತ್ತ ನೆತ್ತಿಗೇರಿತು. ನಮ್ಮ ಗಾಡ್ರೇಜ್ ಕಪಾಟನ್ನು ಬಾಗಿಲಿಗೆ ಅಡ್ಡ ಇಟ್ಟು, ಮೇಲೊಂದು ಬಟ್ಟೆ ಕಟ್ಟಿ ಫೋಟೋ ತೆಗೆಸೋಣ, ಯಾರು ಸರಿಸಿ ನೋಡುತ್ತಾರೆ ಎಂದೆ. ಗೆಳತಿ ತಲೆ ಅಲ್ಲಾಡಿಸಿದಳು.

"ನಮ್ಮ ಅಬ್ಬಾ ಒಪ್ಪೂದಿಲ್ಲ. ನನ್ನ ಕಡೀ ಕೆಲಸದಾಗ ಸುಳ್ಳು ಬರಸಬ್ಯಾಡ ಅಂತಾನ."

ಅಂತೂ ಗೋಡೆಯೆಂದಾಯಿತು. ಆಗ ಕೈಕೊಟ್ಟವಳು ಅವ್ವ. ಒಪ್ಪಿಗೆ ಕಾಗದ ಮುಂದಿಟ್ಟರೆ ಸೆರಗು ಹೊದ್ದು ಮುಖ ತಿರುಗಿಸಿದಳು.

"ಮನಿ ಬೇಕಾರ ಕೊಡ್ತೀನಿ. ಬಾಗಲ ಮುಚ್ಚಾಕ ನಾ ಸಹಿ ಹಾಕೂದಿಲ್ಲ."

"ಯವ್ವಾ, ಆಕೀಗಿ ನಿಲ್ಲಾಕ ಜಾಗ ಬ್ಯಾಡೇನು?"

"ಈ ಮನಿ ಆಕಿದಲ್ಲೇನು? ಇಲ್ಲಿ ಬಂದಿರಲಿ. ಯಾರು ಬ್ಯಾಡಂದಾರ?"

ನಾನು ಕೂಗಾಡಿದೆ, ಬಾಯಿ ಸೋಲುವತನಕ ತಿಳಿಹೇಳಿದೆ. ಅವ್ವ ಉಂಡಳು, ಪೂಜೆ ಮಾಡಿದಳು, ಕಾಗದದ ಕಡೆ ಮಾತ್ರ ನೋಡಲಿಲ್ಲ. ಪಕ್ಕದ ಅಂಗಳಕ್ಕೆ ಎಲ್ಲವೂ ಕೇಳಿಸುತ್ತಿತ್ತು. ಗೆಳತಿ ಎರಡು ದಿನ ಇತ್ತ ಬರಲಿಲ್ಲ.

ಮೂರನೆಯ ದಿನ ಚಾಚಾ ಬಂದರು. ಒಂದು ಕೈ ಮಗಳ ಹೆಗಲ ಮೇಲೆ, ಇನ್ನೊಂದು ಕೈ ಗೋಡೆಗೆ. ಆ ಎತ್ತರದ ಮನುಷ್ಯ ಬಾಗಿಲು ದಾಟಲು ಬಗ್ಗಿದವರು ಮತ್ತೆ ನೆಟ್ಟಗಾಗಲು ಬಹಳ ಹೊತ್ತು ಹಿಡಿಯಿತು. ಅವ್ವ ಬೇಗನೆ ಎದ್ದು ಕುರ್ಚಿ ಹಾಕಿದಳು. ಅವರು ಕೂಡಲಿಲ್ಲ.

"ಭಾಬಿ, ನಿಮ್ಮ ಜೀವ ಇರೂತನಕ ನನ್ನ ಮಗಳನ್ನ ನೋಡ್ಕೋತೀರಿ. ನನಗ ಗೊತ್ತದ. ಆಮ್ಯಾಲ? ನೀವೂ ಇರೂದಿಲ್ಲ, ನಾನೂ ಇರೂದಿಲ್ಲ. ಆಗ ಆಕಿ ಯಾರ ಮನ್ಯಾಗ ಅದಾಳ ಅಂತ ಕೇಳಿದ್ರ ಏನು ತೋರಸಬೇಕ್ರಿ? ಈ ಬಾಗಲ ತೆರದಿರೂತನಕ ನನ್ನ ಮಗಳಿಗಿ ಮನಿ ಇಲ್ರಿ, ಭಾಬಿ."

ಅವ್ವ ಅವರ ಮುಖವನ್ನೇ ನೋಡಿದಳು. ಆಮೇಲೆ ಗೆಳತಿಯನ್ನು ನೋಡಿದಳು. "ಕಾಗದ ತಾ" ಎಂದಳು ನನಗೆ. ಸಹಿ ಮಾಡಿದಳು. ಮಾಡಿ ಮುಗಿಸಿದ ಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ನಾನು ಹಿಂದೆ ಹೋಗಲಿಲ್ಲ, ನನ್ನ ಕಣ್ಣೂ ತುಂಬಿದ್ದವು.

ಗೌಂಡಿ ಬಂದು ಚೌಕಟ್ಟು ಕಿತ್ತು ಇಟ್ಟಿಗೆ ಏರಿಸಿದ. ನಮ್ಮ ಕಡೆ ನಿಂತು ಕಟ್ಟುತ್ತಿದ್ದ. ಮೊದಲು ಗೆಳತಿಯ ಕಾಲು ಮರೆಯಾದವು, ಆಮೇಲೆ ಸೊಂಟ, ಆಮೇಲೆ ಮುಖ. ನಡುನಡುವೆ ಅವನಿಗೆ ಚಹಾ ಕೊಡುತ್ತ ಇಬ್ಬರೂ ಬೇಕೆಂದೇ ಏನೇನೋ ಹರಟಿದೆವು. ಶಾಲೆಯ ಮಾತು, ಮಾನ್ವಿ ಬಸ್ಸಿನ ಮಾತು, ಕಲ್ಮಲದ ಹತ್ತಿರ ರಸ್ತೆ ಕೆಟ್ಟ ಮಾತು. ಕೊನೆಯ ಸಾಲು ಇಟ್ಟ ಮೇಲೆ ಅವಳ ದನಿ ಮಂದವಾಗಿ ಕೇಳಿಸಿತು. ಏನು ಹೇಳಿದಳೋ ಗೊತ್ತಾಗಲಿಲ್ಲ. ಗೌಂಡಿ ಆ ಬದಿಗೆ ಗಿಲಾವು ಮಾಡಲು ಬುಟ್ಟಿ ಎತ್ತಿಕೊಂಡು, ನಮ್ಮ ದೊಡ್ಡ ಬಾಗಿಲಿನಿಂದ ಬೀದಿಗಿಳಿದು, ಸುತ್ತು ಹಾಕಿ ಅವರ ಮನೆಗೆ ಹೋದ.

ಅಧಿಕಾರಿ ಮಾತಿನಂತೆ ಬಂದು ಫೋಟೋ ತೆಗೆದುಕೊಂಡರು. ಖಾತೆ ಎರಡಾಯಿತು. ನಮ್ಮದು ಅವ್ವನ ಹೆಸರಿಗೆ ಬಂತು, ಅವರದು ಚಾಚಾನ ಹೆಸರಿಗೆ. ಅಲ್ಲಿಂದ ದಾನಪತ್ರ ರಿಜಿಸ್ಟ್ರಿಯಾಗಿ ಗೆಳತಿಯ ಹೆಸರಿಗೆ. ಈಗ ಫೋನಿನಲ್ಲಿ ಹುಡುಕಿದರೆ ಅವಳು ಸಿಗುತ್ತಾಳೆ. ಚಾಚಾ ಆ ಫೋನನ್ನು ಇಸಿದುಕೊಂಡು ಮಗಳ ಹೆಸರನ್ನು ತಾವೇ ಓದಿದರಂತೆ. ಅಂದು ರಾತ್ರಿ ಎಷ್ಟೋ ತಿಂಗಳ ನಂತರ ಹೊಟ್ಟೆತುಂಬ ಉಂಡು ಮಲಗಿದರೆಂದು ಅವಳು ಆಮೇಲೆ ಹೇಳಿದಳು.

ಗೆಳತಿಯ ಹೆಸರಿನ ಹೊಸ ಖಾತೆಯ ಕಾಗದ ಅವಳ ಕೈಗೆ ಬಂದ ಸಂಜೆ ನಾನು ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಬೀದಿ ಬಾಗಿಲ ಚಿಲುಕ ಸದ್ದಾಯಿತು. ಹಾಲಿನವನಿರಬೇಕೆಂದು ನಾನು ಹೋಗಲಿಲ್ಲ. ಅವ್ವ ಪಡಸಾಲೆಯಿಂದಲೇ, "ಯಾರ್ರಿ?" ಎಂದಳು.

ಗೆಳತಿಯ ದನಿ.

"ನಾನ್ರಿ. ಬಾಜೂ ಮನಿಯಾಕಿ. ಒಳಗ ಬರ್ಲೇನ್ರಿ?"

ಹುಟ್ಟಿದಾಗಿನಿಂದ ಅವ್ವನನ್ನು ಏಕವಚನದಲ್ಲೇ ಕರೆದವಳು. ನಾನು ಬಟ್ಟೆ ಅಲ್ಲೇ ಬಿಟ್ಟು ಓಡಿದೆ. ಅವಳಿಗೆ ಬೈಯಬೇಕೆಂದೇ ಬಾಯಿ ತೆರೆದಿದ್ದೆ, ಅವಳನ್ನು ನೋಡಿ ನಿಂತುಬಿಟ್ಟೆ. ಕೈಯಲ್ಲಿ ಕಾಗದ ಹಿಡಿದು, ಸೆರಗು ಸರಿಮಾಡಿಕೊಂಡು, ಬಂದ ನೆಂಟರು ನಿಲ್ಲುವಂತೆ ನಿಂತಿದ್ದಳು. ಅಂಗಳದಿಂದ ಅಂಗಳಕ್ಕೆ ಬರಿಗಾಲಲ್ಲಿ ಬರುತ್ತಿದ್ದವಳು ಅವಳು. ಈಗ ಬೀದಿ ಸುತ್ತಿ ಬಂದಿದ್ದಳು. ಬಾಗಿ, ನಮ್ಮ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದಳು.